ಕೊಡಬೇಕಾದ ಹಣ, ಬರಬೇಕಾದ ಹಣ

ಉದ್ಯೋಗಕ್ಕಾಗಿ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹುಟ್ಟಿದ ಊರನ್ನು ಬಿಟ್ಟು ದೂರದ ನಗರದಲ್ಲಿ ನೆಲೆಸುವ ಕುಟುಂಬಗಳು ನಮ್ಮ ಸಮುದಾಯದಲ್ಲಿ ಇಂದು ವಿರಳವಲ್ಲ. ಹೊರಡಲಿರುವವರು ಅನುಭವಸ್ಥರಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ಲಾರಿಗೆ ಎಷ್ಟಾಗುತ್ತದೆ? ಪ್ರಶ್ನೆ ಸಹಜವಾದುದು. ಆದರೆ ಮಂಗಳೂರಿನಿಂದ ವಿಜಯಪುರಕ್ಕೆ ಸಂಸಾರವನ್ನು ಸಾಗಿಸಿದಾಗ ನಾವು ಕಂಡುಕೊಂಡಂತೆ, ಲಾರಿಯ ಬಾಡಿಗೆ ಒಟ್ಟು ಖರ್ಚಿನ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ಒಂದು ಒಲೆ ಆರಿ ಇನ್ನೊಂದು ಒಲೆ ಹೊತ್ತುವ ನಡುವಿನ ದಿನಗಳಲ್ಲಿ ಕರಗಿಹೋಗುತ್ತದೆ. ಆ ದಿನಗಳ ಲೆಕ್ಕವನ್ನು ಮೊದಲೇ ಬರೆದುಕೊಂಡವರಿಗೆ ಪ್ರಯಾಣ ಹಗುರವಾಗುತ್ತದೆ. ಬರೆಯದವರು ಸಾಲದ ಹೊರೆಯೊಂದಿಗೆ ಹೊಸ ಊರನ್ನು ಪ್ರವೇಶಿಸಬೇಕಾಗುತ್ತದೆ.

ವಿಜಯಪುರದ ಶಿಕ್ಷಣ ಸಂಸ್ಥೆಯೊಂದರಲ್ಲಿ ಕೆಲಸ ದೊರೆತಾಗ ನಮ್ಮ ಮನೆಯಲ್ಲಿದ್ದವರು ಆರು ಮಂದಿ: ನಾವು, ಪತ್ನಿ, ಮೂವರು ಮಕ್ಕಳು ಮತ್ತು ಎಪ್ಪತ್ತು ದಾಟಿದ ಉಮ್ಮ. ಕೈಯಲ್ಲಿದ್ದ ಉಳಿತಾಯ 96,000 ರೂಪಾಯಿ. ಬಂಧುಗಳೊಬ್ಬರು, "ಎರಡು ಲಕ್ಷದ ಸಾಲ ಒಂದೇ ವಾರದಲ್ಲಿ ಸಿಗುತ್ತದೆ, ಕಂತು ಕಟ್ಟಿಕೊಂಡು ಹೋದರಾಯಿತು" ಎಂದು ಸಲಹೆ ನೀಡಿದರು. ಬಡ್ಡಿಯ ಸಾಲ ಬೇಡ, ಹೆಂಡತಿಯ ಒಡವೆಯನ್ನು ಅಡವಿಡುವುದೂ ಬೇಡ ಎಂಬುದು ಮನೆಮಂದಿಯೆಲ್ಲ ಕುಳಿತು ಮಾಡಿದ ಮೊದಲ ತೀರ್ಮಾನ. ಆ ತೀರ್ಮಾನದೊಂದಿಗೆ ನಮ್ಮ ಯೋಜನೆಗೆ ಒಂದು ಗಡಿ ಬಿತ್ತು. ಮಾಡುವುದೆಲ್ಲವೂ 96,000ದೊಳಗೇ ಆಗಬೇಕಿತ್ತು.

ಊರು ಬಿಡುವ ವಿಚಾರ ಬಂದಾಗ ಮುಸ್ಲಿಮನ ಮನಸ್ಸು ಹಿಜ್ರತ್ತಿನ ಕಡೆಗೆ ಹೊರಳುತ್ತದೆ. ಕ್ರಿ.ಶ. 622ರ ಆ ಪ್ರಯಾಣ ಅಲ್ಲಾಹನ ಮೇಲಿನ ಪರಿಪೂರ್ಣ ಭರವಸೆಯ ಪ್ರಯಾಣವಾಗಿತ್ತು, ನಿಜ. ಆದರೆ ಸಿದ್ಧತೆಯ ದೃಷ್ಟಿಯಿಂದಲೂ ಅದು ಪರಿಪೂರ್ಣವೇ ಆಗಿತ್ತು. ಅಬೂಬಕರ್(ರ) ಎರಡು ಒಂಟೆಗಳನ್ನು ತಿಂಗಳುಗಳ ಮೊದಲೇ ಮೇಯಿಸಿ ಸಿದ್ಧಗೊಳಿಸಿದ್ದರು. ಪ್ರವಾದಿ(ಸ)ರವರು ತಮ್ಮ ಒಂಟೆಯನ್ನು ಬೆಲೆ ಕೊಟ್ಟೇ ಪಡೆಯುವೆನೆಂದರು. ದಾರಿ ಬಲ್ಲ ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು ಕೂಲಿಗೆ ಗೊತ್ತುಮಾಡಲಾಯಿತು. ಆತ ಆಗ ಮುಸ್ಲಿಮನೂ ಆಗಿರಲಿಲ್ಲ. ಯಸ್ರಿಬ್ ಉತ್ತರಕ್ಕಿದ್ದರೂ ಮೊದಲು ದಕ್ಷಿಣದ ಸೌರ್ ಗುಹೆಯಲ್ಲಿ ಮೂರು ರಾತ್ರಿ ತಂಗಲಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಾದ ಜನರು ನಂಬಿ ಇಟ್ಟಿದ್ದ ಅಮಾನತುಗಳನ್ನು ಒಬ್ಬೊಬ್ಬರಿಗೂ ಹಿಂದಿರುಗಿಸಲು ಅಲಿ(ರ)ರವರನ್ನು ಅಲ್ಲಿಯೇ ಬಿಡಲಾಯಿತು. ಪ್ರಾಣಕ್ಕೆ ಸಂಚಕಾರವಿದ್ದ ಆ ರಾತ್ರಿಯಲ್ಲಿಯೂ ಕೊಡಬೇಕಾದುದರ ಲೆಕ್ಕ ಮರೆತುಹೋಗಲಿಲ್ಲ.

ನಮ್ಮ ಲೆಕ್ಕದ ಪುಸ್ತಕವೂ ಅಲ್ಲಿಂದಲೇ ಆರಂಭವಾಯಿತು. ಮೊದಲ ಪುಟದ ಎಡಕ್ಕೆ ಕೊಡಬೇಕಾದ ಹಣ, ಬಲಕ್ಕೆ ಬರಬೇಕಾದ ಹಣ. ಕೊಡಬೇಕಾದುದು: ದಿನಸಿ ಅಂಗಡಿಯ ಬಾಕಿ 4,200, ಉಮ್ಮನ ಔಷಧದ ಅಂಗಡಿಗೆ 1,300, ಸಹೋದ್ಯೋಗಿಯೊಬ್ಬರಿಂದ ಪಡೆದಿದ್ದ ಕೈಸಾಲ 10,000. ಒಟ್ಟು 15,500. ಬರಬೇಕಾದುದು ಒಂದೇ: ಬಾಡಿಗೆ ಮನೆಗೆ ಕೊಟ್ಟಿದ್ದ ಮುಂಗಡ 30,000. ಎಡಭಾಗದ ಮೊತ್ತವನ್ನು ಆ ವಾರವೇ ತೀರಿಸಿದೆವು. ಬಲಭಾಗದ ಮೊತ್ತವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೊಡಬೇಕಾದ ಹಣ ನಮ್ಮದಲ್ಲ. ಬರಬೇಕಾದ ಹಣ ಕೈಸೇರುವ ತನಕ ಅದೂ ನಮ್ಮದಲ್ಲ. ಹೀಗೆ ಯೋಜನೆಗೆ ಉಳಿದುದು 80,500.

ಇನ್ನು ಕಾಲದ ಪ್ರಶ್ನೆ. ಕರಾವಳಿಯಿಂದ ಘಟ್ಟ ಹತ್ತುವವರು ಮಳೆಗಾಲವನ್ನು ತಪ್ಪಿಸುವುದೇ ಒಳಿತು. ಮಂಗಳೂರಿನಿಂದ ವಿಜಯಪುರಕ್ಕೆ ಸುಮಾರು 550 ಕಿಲೋಮೀಟರು. ಅಂಕೋಲಾದವರೆಗೆ ರಾಷ್ಟ್ರೀಯ ಹೆದ್ದಾರಿ 66, ಅಲ್ಲಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಮಾರ್ಗವಾಗಿ ಹೆದ್ದಾರಿ 52. 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾದುದನ್ನೂ, ಹೆದ್ದಾರಿ ಮುಚ್ಚಿಹೋದುದನ್ನೂ ನಾವೆಲ್ಲ ಬಲ್ಲೆವು. ಶಿರಾಡಿ ಘಾಟಿಯೂ ಮಳೆಗಾಲದಲ್ಲಿ ನೆಚ್ಚುವಂಥದಲ್ಲ. ನಮಗೆ ಫೆಬ್ರವರಿಯ ಕೊನೆಯಲ್ಲಿಯೇ ಕೆಲಸಕ್ಕೆ ಹಾಜರಾಗಬೇಕಿತ್ತು. ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿಯುವುದು ಏಪ್ರಿಲಿನಲ್ಲಿ. ಆದುದರಿಂದ ನಾವೊಬ್ಬರೇ ಮೊದಲು ಹೋಗಿ ಕೊಠಡಿಯೊಂದರಲ್ಲಿ ತಂಗಿದೆವು. ಏಪ್ರಿಲ್ ನಡುವಿನಲ್ಲಿ ಸಂಸಾರ ಬಂದಿತು.

ಆ ಏಳು ವಾರಗಳ ಹೆಚ್ಚುವರಿ ಖರ್ಚು 7,000. ಮಂಗಳೂರಿನ ಮನೆಯ ಬಾಡಿಗೆ ಮತ್ತು ದಿನವೆಚ್ಚಕ್ಕೆ ಸಂಬಳ ಸರಿಹೋಯಿತು. ಆದುದರಿಂದ ಸಂಬಳವನ್ನು ಈ ಲೆಕ್ಕದಲ್ಲಿ ಸೇರಿಸಲಿಲ್ಲ. ಎರಡು ಒಲೆಯ ಈ ಖರ್ಚನ್ನು ದಂಡವೆಂದು ಭಾವಿಸುವವರಿದ್ದಾರೆ. ನಮಗೆ ಅದರಿಂದ ಲಾಭವೇ ಆಯಿತು. ದೂರವಾಣಿಯಲ್ಲಿ ಮನೆ ಗೊತ್ತುಮಾಡದೆ, ಬಡಾವಣೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಮಸೀದಿ, ಶಾಲೆ, ಔಷಧದ ಅಂಗಡಿ ಎಷ್ಟು ದೂರವೆಂದು ನೋಡಿ, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ನೆರೆಯವರನ್ನೇ ಕೇಳಿ ಮನೆ ಹಿಡಿದೆವು. ಬಾಡಿಗೆ 6,000, ಮುಂಗಡ ನಾಲ್ಕು ತಿಂಗಳದ್ದು 24,000. ಮೊದಲ ತಿಂಗಳ ಬಾಡಿಗೆ ಸೇರಿ 30,000.

ಸಾಗಾಟಕ್ಕೆ ಮೂವರನ್ನು ವಿಚಾರಿಸಿದೆವು. ಕಟ್ಟುವುದರಿಂದ ಇಳಿಸುವವರೆಗೆ ಎಲ್ಲವನ್ನೂ ತಾವೇ ಮಾಡುವವರು 38,000 ಕೇಳಿದರು. ಲಾರಿ ಮಾತ್ರ ಕೊಡುವವರು 27,000 ಎಂದರು. ಮೂರನೆಯದು ಬಂದರು ಪ್ರದೇಶದ ಸಗಟು ವ್ಯಾಪಾರಿಯೊಬ್ಬರ ಮೂಲಕ ದೊರೆತ ದಾರಿ. ಉತ್ತರ ಕರ್ನಾಟಕದಿಂದ ಈರುಳ್ಳಿ ಹೊತ್ತು ಬರುವ ಲಾರಿಗಳು ಹಿಂದಿರುಗುವಾಗ ಬಾಡಿಗೆಗಾಗಿ ಕಾಯುತ್ತವೆ. ಅಂಥ ಲಾರಿಗೆ 18,000ಕ್ಕೆ ಒಪ್ಪಂದವಾಯಿತು. ಎರಡೂ ಕಡೆಯ ಹಮಾಲಿ 3,500. ಒಂದು ಷರತ್ತು ಮಾತ್ರ: ದಿನಾಂಕ ಒಂದೆರಡು ದಿನ ಹಿಂದುಮುಂದಾಗಬಹುದು. ದಿನವನ್ನು ಬಿಟ್ಟುಕೊಟ್ಟು ಹಣವನ್ನು ಉಳಿಸಿಕೊಂಡೆವು. ಒಪ್ಪಿದ ಮೊತ್ತವನ್ನೂ, ಟೋಲ್ ಯಾರ ಪಾಲಿಗೆಂಬುದನ್ನೂ, ಯಾವ ಮಹಡಿಗೆ ಸಾಮಾನು ಏರಿಸಬೇಕೆಂಬುದನ್ನೂ ಕಾಗದದಲ್ಲಿ ಬರೆಸಿಕೊಂಡೆವು. ಬರವಣಿಗೆ ಅಪನಂಬಿಕೆಯ ಗುರುತಲ್ಲ. ಇಬ್ಬರ ನಡುವೆ ಮುಂದೆ ಮನಸ್ತಾಪವಾಗದಿರಲು ಅದೇ ರಕ್ಷೆ.

ಲಾರಿ ಸಣ್ಣದಾದುದರಿಂದ ಸಾಮಾನೂ ಕಡಿಮೆಯಾಗಬೇಕಿತ್ತು. ಪ್ರತಿಯೊಂದು ವಸ್ತುವಿನ ಮುಂದೆ ನಿಂತು ಕೇಳಿಕೊಂಡೆವು: ಅಲ್ಲಿ ಇದು ಬೇಕೆ? ಬೇಕಾದರೆ ಅಲ್ಲಿ ಕೊಳ್ಳುವ ಬೆಲೆ ಒಯ್ಯುವ ಖರ್ಚಿಗಿಂತ ಹೆಚ್ಚೆ? ಮಳೆನಾಡಿನ ತಾಡಪಾಲು, ಒಲೆಯ ಮೇಲೆ ಬಟ್ಟೆ ಒಣಗಿಸುವ ಬುಟ್ಟಿ, ಮುರುಕು ಮಂಚಗಳು ನೆರೆಹೊರೆಯವರಿಗೆ ಸಂದವು. ಕುಚ್ಚಲಕ್ಕಿಯ ದೊಡ್ಡ ಪಾತ್ರೆ, ತೆಂಗಿನಕಾಯಿ ತುರಿಯುವ ಮಣೆ ಜೊತೆಗೆ ಬಂದವು. ಉಮ್ಮನ ಮದುವೆಯ ಕಾಲದ ಹಲಸಿನ ಮರದ ಕಪಾಟು ಮಾತ್ರ ಯಾರ ಬಾಯಿಗೂ ಬರಲಿಲ್ಲ. ಅದನ್ನು ಒಯ್ಯುವುದಾದರೆ ದೊಡ್ಡ ಲಾರಿಯೇ ಬೇಕಿತ್ತು. ಕೊನೆಗೆ ಉಮ್ಮನೇ ಆ ಮಾತೆತ್ತಿದರು: "ಪಕ್ಕದ ಮನೆಯ ಹುಡುಗಿಗೆ ಮುಂದಿನ ತಿಂಗಳು ನಿಕಾಹ್. ಅವಳಿಗೆ ಕೊಟ್ಟುಬಿಡಿ. ನನಗೆ ಬೇರೊಂದು ಬೇಕು."

ಬೇರೊಂದು ಏನೆಂದು ಕೇಳಿದೆವು. "ಊರಿನಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ, ಮಯ್ಯಿತ್ ಎತ್ತುವ ಮೊದಲು ನಾನು ಅಲ್ಲಿರಬೇಕು. ಅದಕ್ಕೆ ದುಡ್ಡಿರಲಿ." ನಮ್ಮಲ್ಲಿ ದಫನವನ್ನು ತಡಮಾಡುವುದಿಲ್ಲ. ವಿಜಯಪುರ–ಮಂಗಳೂರು ರೈಲು ಹುಬ್ಬಳ್ಳಿ, ಅರಸೀಕೆರೆ, ಹಾಸನ ಸುತ್ತಿ ಬರುತ್ತದೆ. ಹೊರಡಲು ಅದರ ಸಮಯಕ್ಕೇ ಕಾಯಬೇಕು. ದೂರದ ಊರಿಗೆ ಹೋಗುವವರ ಖರ್ಚಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಈ ಸಾಲು ಇರುವುದಿಲ್ಲ. ನಾವು ಅದನ್ನು ಸೇರಿಸಿದೆವು. ಬರಬೇಕಾಗಿದ್ದ 30,000 ಬಂದ ದಿನ ಅದಕ್ಕೇ ಮೀಸಲು ಎಂದು ಬರೆದೆವು.

ಕಾಗದಪತ್ರಗಳ ಕೆಲಸಕ್ಕೆ ಹಣಕ್ಕಿಂತ ದಿನಗಳು ಬೇಕು. ಮಕ್ಕಳ ವರ್ಗಾವಣೆ ಪತ್ರವನ್ನು ಫಲಿತಾಂಶ ಬಂದೊಡನೆ ಪಡೆಯಬೇಕು. ಅಡುಗೆ ಅನಿಲದ ಸಿಲಿಂಡರನ್ನು ಸಾಮಾನಿನ ಲಾರಿಯಲ್ಲಿ ಒಯ್ಯುವಂತಿಲ್ಲ. ಸಿಲಿಂಡರು ಮತ್ತು ರೆಗ್ಯುಲೇಟರನ್ನು ವಿತರಕರಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ವರ್ಗಾವಣೆಯ ಚೀಟಿಯನ್ನು ಹೊಸ ಊರಿನಲ್ಲಿ ತೋರಿಸಬೇಕು. ಹಿಂದಿರುಗುವುದು ಅಂದಿನ ಠೇವಣಿ. ಕಟ್ಟಬೇಕಾದುದು ಇಂದಿನ ದರದ ಠೇವಣಿ. ಪಡಿತರ ಚೀಟಿಯ ವಿಳಾಸ ಬದಲಾಗುವ ತನಕ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಆಧಾರ್ ದೃಢೀಕರಣದ ಮೂಲಕ ಧಾನ್ಯ ಪಡೆಯಬಹುದು. ಈ ಪತ್ರಗಳು, ಒಡವೆ, ಉಮ್ಮನ ಒಂದು ತಿಂಗಳ ಔಷಧ ಲಾರಿಗೆ ಹೋಗಲಿಲ್ಲ, ಕೈಚೀಲದಲ್ಲಿಯೇ ಬಂದವು. ಪುಸ್ತಕಗಳನ್ನು ಸಣ್ಣ ಪೆಟ್ಟಿಗೆಗಳಲ್ಲಿ ತುಂಬಿದೆವು; ದೊಡ್ಡ ಪೆಟ್ಟಿಗೆ ಭಾರಕ್ಕೆ ತಳ ಕಳಚುತ್ತದೆ. ಪೆಟ್ಟಿಗೆಗಳಿಗೆಲ್ಲ ಸಂಖ್ಯೆ ಬರೆದು, ಒಳಗಿರುವುದರ ಪಟ್ಟಿಯ ಒಂದು ಪ್ರತಿಯನ್ನು ಪತ್ನಿ ಇಟ್ಟುಕೊಂಡರು, ಇನ್ನೊಂದನ್ನು ನಾವು.

ರೈಲು ಪ್ರಯಾಣ ಮತ್ತು ಬುತ್ತಿಗೆ 3,000 ಆಯಿತು. ಹೊಸ ಮನೆಗೆಂದು 11,000 ಮೀಸಲಿಟ್ಟಿದ್ದೆವು: ಅನಿಲದ ಠೇವಣಿ, ಸಂಪರ್ಕ ಸಿಗುವ ತನಕ ಇಂಡಕ್ಷನ್ ಒಲೆ, ನೀರು ತುಂಬಿಡಲು ಎರಡು ಡ್ರಮ್ಮು, ಹಳೆಯದೊಂದು ಕೂಲರು, ಮಕ್ಕಳ ಸಮವಸ್ತ್ರ. ಎಲ್ಲವನ್ನೂ ಕಳೆದು ಉಳಿದ 8,000ಕ್ಕೆ ಯಾವ ಹೆಸರನ್ನೂ ಕೊಡಲಿಲ್ಲ. ಹೆಸರಿಲ್ಲದ ಆ ಹಣವೇ ಮೊದಲು ಕೆಲಸಕ್ಕೆ ಬಂದಿತು. ಲಾರಿಯಲ್ಲಿ ಕುಲುಕಿದ ಫ್ರಿಜ್ಜು ಕೆಟ್ಟಿತು. ಕರಾವಳಿಯ ಮೈಗೆ ವಿಜಯಪುರದ ಬೇಸಗೆ ಒಗ್ಗದೆ ಉಮ್ಮ ನಿತ್ರಾಣರಾಗಿ ಒಂದು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಹದಿನೈದು ದಿನಗಳಲ್ಲಿ 6,400 ಮುಗಿಯಿತು. ಆದರೆ ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ.

ಹಳೆಯ ಮನೆಯ ಮುಂಗಡ ಎರಡು ತಿಂಗಳು ತಡವಾಗಿ, ಬಣ್ಣದ ಖರ್ಚೆಂದು 5,000 ಕಡಿತವಾಗಿ ಬಂದಿತು. ಆ ಹಣವನ್ನು ನಂಬಿ ಹೊರಟಿದ್ದರೆ ಹೊಸ ಊರಿನ ಮೊದಲ ಎರಡು ತಿಂಗಳು ಸಾಲದಲ್ಲೇ ಕಳೆಯುತ್ತಿದ್ದವು. ನಂಬಿರಲಿಲ್ಲವಾದುದರಿಂದ ಕಡಿತದ ಬಗ್ಗೆ ಒಂದು ಮಾತು ಕೇಳಿ ಸುಮ್ಮನಾದೆವು. ಬಂದ 25,000 ಬೇರೆಯೇ ಲಕೋಟೆಯಲ್ಲಿ ಉಳಿಯಿತು.

ಆಗಸ್ಟ್ ತಿಂಗಳಿನ ಒಂದು ಸಂಜೆ, ಮಗ್ರಿಬ್ ನಮಾಝಿನ ಬಳಿಕ, ಉಮ್ಮನ ತಂಗಿ ನಿಧನರಾದ ಸುದ್ದಿ ಬಂದಿತು. ದಫನ ಮರುದಿನ ಝುಹ್ರ್‌ಗೆ. ಯಾರಲ್ಲಿ ಕೇಳುವುದು, ಎಷ್ಟು ಕೇಳುವುದು ಎಂಬ ಮಾತೇ ಏಳಲಿಲ್ಲ. ಲಕೋಟೆ ತೆಗೆದು ಕಾರು ಗೊತ್ತುಮಾಡಿದೆವು, ಹೋಗಿಬರಲು 12,500. ಘಟ್ಟದಲ್ಲಿ ಮಳೆ ಸುರಿಯುತ್ತಿದ್ದುದರಿಂದ ನಿಧಾನವಾಗಿಯೇ ಇಳಿದು ಬೆಳಿಗ್ಗೆ ಒಂಬತ್ತಕ್ಕೆ ತಲುಪಿದೆವು. ಉಮ್ಮ ತಂಗಿಯ ಮುಖ ನೋಡಿದರು, ತಲೆಯ ಬಳಿ ಕುಳಿತು ದುಆ ಮಾಡಿದರು. ಎರಡು ದಿನಗಳ ನಂತರ ಹಿಂದಿರುಗುವಾಗ ಅವರು ಲಕೋಟೆಯಲ್ಲಿ ಎಷ್ಟು ಉಳಿದಿದೆಯೆಂದು ವಿಚಾರಿಸಿದರು. ತೆಗೆದುದನ್ನು ಮತ್ತೆ ತುಂಬಲು ತಿಂಗಳಿಗೆ 1,000ದಂತೆ ಈಗಲೂ ಹಾಕುತ್ತಿದ್ದೇವೆ.

ದೂರದ ಊರಿಗೆ ಹೊರಡುವ ಸಹೋದರ ಸಹೋದರಿಯರು ಮೊದಲು ಲಾರಿಯನ್ನು ಹುಡುಕದಿರಲಿ. ಮೊದಲು ಒಂದು ಹಾಳೆಯನ್ನು ತೆಗೆದುಕೊಳ್ಳಲಿ. ಕೊಡಬೇಕಾದುದನ್ನು ಕೊಟ್ಟು, ಬರಬೇಕಾದುದನ್ನು ಮರೆತು, ಉಳಿದುದರಲ್ಲಿ ಪ್ರಯಾಣವನ್ನು ಅಳೆಯಲಿ. ಆ ಹಾಳೆಯನ್ನು ಬರೆಯುವಾಗ ಮನೆಯ ಹಿರಿಯರನ್ನೂ ಹತ್ತಿರ ಕೂರಿಸಿಕೊಳ್ಳಲಿ. ಅವರ ಅಗತ್ಯಗಳು ಯಾವ ಸಾಗಾಟದವರ ಪಟ್ಟಿಯಲ್ಲಿಯೂ ಇರುವುದಿಲ್ಲ. ಅಲ್ಲಾಹನು ನಮ್ಮೆಲ್ಲರ ಪ್ರಯಾಣಗಳನ್ನು ಸುಗಮಗೊಳಿಸಲಿ, ಹೊಸ ನೆರೆಹೊರೆಯಲ್ಲಿ ಬರಕತ್ತನ್ನು ಕರುಣಿಸಲಿ, ಯಾರದೇ ಹಕ್ಕನ್ನು ಹಿಂದೆ ಬಾಕಿಯಿಟ್ಟು ಹೊರಡದಂತೆ ನಮ್ಮನ್ನು ಕಾಪಾಡಲಿ. ಆಮೀನ್.