ಸದಲಗಾದ ಪಂಡಿತರು, ಶೇಡಬಾಳದ ಮಾಸ್ತರರು

ಚಿಂತಕರಾದ ವಾಲ್ಟೇರ್ ಮತ್ತು ರೂಸೋ ಕೊನೆಗಾಲದಲ್ಲಿ ಒಬ್ಬರನ್ನೊಬ್ಬರು ಸಹಿಸಲಿಲ್ಲ. ಇಬ್ಬರೂ 1778ರಲ್ಲೇ ತೀರಿಕೊಂಡರು. ಪ್ಯಾರಿಸ್ಸಿನ ಪ್ಯಾಂಥಿಯನ್ನಿನಲ್ಲಿ ಅವರ ಸಮಾಧಿಗಳು ಎದುರುಬದುರು ಇವೆ. ಓದು, ತರ್ಕ, ಮೊನಚು ಒಬ್ಬನದು. ಹಸಿರು, ಏಕಾಂತ, ಎದೆಯ ಮಾತು ಇನ್ನೊಬ್ಬನದು. ಈ ಜೋಡಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನಮ್ಮ ಗಡಿಸೀಮೆಯ ಇನ್ನಿಬ್ಬರತ್ತ ಹೊರಳುತ್ತದೆ. ಚಿಕ್ಕೋಡಿ ಕಡೆಯ ಸದಲಗಾದ ಆ. ನೇ. ಉಪಾಧ್ಯೆ ಒಬ್ಬರು, ಕಾಗವಾಡ ಕಡೆಯ ಶೇಡಬಾಳದ ಮಿರ್ಜಿ ಅಣ್ಣಾರಾಯ ಇನ್ನೊಬ್ಬರು. ಹುಟ್ಟಿದ್ದು 1906 ಮತ್ತು 1918ರಲ್ಲಿ. ಹೋದದ್ದು ಇವರೂ ಒಂದೇ ವರ್ಷ, 1975ರಲ್ಲಿ.

ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದಶಕಗಟ್ಟಲೆ ಅರ್ಧಮಾಗಧಿಯೆಂಬ ಪ್ರಾಕೃತ ಭಾಷೆ ಕಲಿಸಿದರು. ಅವರು ಸಂಪಾದಿಸಿದ ಗ್ರಂಥಗಳಲ್ಲಿ ನನಗೆ ಅಚ್ಚುಮೆಚ್ಚು ‘ಕುವಲಯಮಾಲಾ’. ಉದ್ಯೋತನಸೂರಿ 779ರಲ್ಲಿ ಜಾಲೋರಿನಲ್ಲಿ ಮುಗಿಸಿದ ಪ್ರಾಕೃತ ಕಥೆ ಅದು. ಜೈಸಲ್ಮೇರಿನ ತಾಳೆಗರಿ ಪ್ರತಿಯನ್ನೂ ಪುಣೆಯ ಕಾಗದದ ಪ್ರತಿಯನ್ನೂ ಅಕ್ಷರ ಅಕ್ಷರ ತಾಳೆ ನೋಡಿ ಮೂಲಪಾಠವನ್ನು 1959ರಲ್ಲಿ ಹೊರತಂದರು. ಆ ಕಥೆಯಲ್ಲೊಂದು ಪೇಟೆ ಬರುತ್ತದೆ. ನಾಡುನಾಡಿನ ವ್ಯಾಪಾರಿಗಳು ತಂತಮ್ಮ ನುಡಿಯಲ್ಲಿ ಮಾತಾಡುತ್ತಾರೆ, ಅವರ ನಡುವೆ ಕರ್ನಾಟಕದವರೂ ಇದ್ದಾರೆ! ಸಾವಿರದಿನ್ನೂರು ವರ್ಷದಾಚೆಯ ಆ ಗದ್ದಲ ಇವತ್ತು ನಮಗೆ ಕೇಳಿಸುತ್ತಿದ್ದರೆ ಅದರಲ್ಲಿ ಸದಲಗಾದ ಈ ಮನುಷ್ಯನ ಕಣ್ಣುನೋವಿನ ಪಾಲೂ ಇದೆ.

ಅಣ್ಣಾರಾಯರು ಗದ್ದಲ ಕೇಳಲು ಅಷ್ಟು ದೂರ ಹೋಗಬೇಕಿರಲಿಲ್ಲ. ಅವರು ಮಾಸ್ತರಿಕೆ ಮಾಡುತ್ತ ಬರೆದವರು. ‘ನಿಸರ್ಗ’ ಕಾದಂಬರಿಯಲ್ಲಿ ಜೈನ ಒಕ್ಕಲು ಮನೆತನಗಳ ಕನ್ನಡ, ಮರಾಠಿಯ ಗಾಳಿ ತಾಗಿದ ಕನ್ನಡ, ಇಸ್ತ್ರಿ ಹಾಕಿಸಿಕೊಳ್ಳದೆ ಹಾಗೆಯೇ ಅಚ್ಚಿಗೆ ಬಂತು. ಮಿರಜ ದಾಟಿ ರೈಲು ಶೇಡಬಾಳ, ಉಗಾರ, ಕುಡಚಿಗೆ ಬರುವಾಗ ಡಬ್ಬಿಯೊಳಗೆ ಇವತ್ತಿಗೂ ಅದೇ ಧಾಟಿ ಕಿವಿಗೆ ಬೀಳುತ್ತದೆ.

ಹಾಗಾದರೆ ಉಪಾಧ್ಯೆಯವರು ನಮ್ಮ ವಾಲ್ಟೇರ್, ಅಣ್ಣಾರಾಯರು ನಮ್ಮ ರೂಸೋ ಎಂದುಬಿಡಬಹುದೆ? ನನಗೆ ಒಪ್ಪಿಗೆಯಿಲ್ಲ. ಕಾದಂಬರಿಕಾರ ಅಣ್ಣಾರಾಯರೇ ‘ಜೈನಧರ್ಮ’ವೆಂಬ ಶಾಸ್ತ್ರಗ್ರಂಥ ಬರೆದರು. ಪಂಡಿತ ಉಪಾಧ್ಯೆಯವರು ಜೀವ ಸವೆಸಿದ್ದು ಒಂದು ಕಾಲದ ಜನರ ಆಡುನುಡಿಯಿಂದ ಬೆಳೆದ ಪ್ರಾಕೃತಕ್ಕೆ. ಪ್ಯಾರಿಸ್ಸಿನವರು ಎದುರುಬದುರಾದರೆ, ಇವರಿಬ್ಬರ ಬೆನ್ನ ಹಿಂದೆ ಒಂದೇ ಬಸದಿ, ಒಂದೇ ಸಂತೆ.

ಉಪಾಧ್ಯೆಯವರನ್ನು 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿಸಿ ನಾಡು ಗೌರವಿಸಿತು. ಅಣ್ಣಾರಾಯರನ್ನು ಓದುವವರು ಇನ್ನೂ ಹೆಚ್ಚಬೇಕೆಂಬುದು ನನ್ನ ಹಂಬಲ. ಅಥಣಿಯ, ರಾಯಬಾಗದ ಹುಡುಗರು ಯಾರನ್ನು ಮೊದಲು ಓದಲಿ ಎಂದು ಕೇಳಿದರೆ ‘ನಿಸರ್ಗ’ವನ್ನೇ ಕೊಡುತ್ತೇನೆ. ತಮ್ಮೂರ ಮಾತಿನ ರುಚಿ ಹತ್ತಿದವರಿಗೆ ‘ಕುವಲಯಮಾಲಾ’ದ ಪೇಟೆ ದೂರವಾಗುವುದಿಲ್ಲ.