ಮಗುಚಿದರೆ ಮನೆ, ತಿರುಗಿಸಿದರೆ ದೋಣಿ

ಹಂಪಿಯ ವಿರೂಪಾಕ್ಷನ ಗೋಪುರವನ್ನು ಬೆನ್ನಿಗೆ ಬಿಟ್ಟು ತುಂಗಭದ್ರೆಯನ್ನು ದಾಟಿದರೆ ಸಿಕ್ಕುವುದೇ ವಿರೂಪಾಪುರಗಡ್ಡೆ. ಹೊಳೆ ಕವಲೊಡೆದು ಹರಿದು, ನಡುವೆ ಉಳಿಸಿಕೊಟ್ಟ ಬಂಡೆಗಳ, ಬತ್ತದ ಗದ್ದೆಗಳ ತುಂಡುನೆಲವಿದು. ಆಚೆಯ ಹಂಪಿ ವಿಜಯನಗರ ಜಿಲ್ಲೆಗೆ ಸೇರಿದ್ದರೆ, ಈ ಗಡ್ಡೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನದು. ದಡದಿಂದ ದಡಕ್ಕೆ ಕೂಗಳತೆಯ ದೂರ. ಆದರೆ ಸಂಜೆಯ ಕಡೆಯ ದೋಣಿ ತಪ್ಪಿದವನಿಗೆ ಅದೇ ದೂರ ಒಂದು ರಾತ್ರಿಯಷ್ಟು ಉದ್ದವಾಗುತ್ತದೆ. ಅಂಥ ರಾತ್ರಿಯನ್ನು ಮರಳಿನ ಮೇಲೆ ಕಳೆಯುವ ಬಗೆಯನ್ನು ಹೊಳೆಯ ಅಂಬಿಗರಿಗೆ ಯಾರೂ ಕಲಿಸಬೇಕಾದುದಿಲ್ಲ. ಅವರ ದೋಣಿಯೇ ಅವರ ಡೇರೆ.

ದೋಣಿಯೆಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟಿಸುತ್ತಿದ್ದ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನ ಹಿಡಿಸುವ ಈ ಬುಟ್ಟಿಗಳು ನೇರವಾಗಿ ಸಾಗದೆ ಸದಾ ಸುತ್ತುತ್ತಿರುವುದು ಅವನಿಗೆ ವಿಚಿತ್ರವೆನಿಸಿತ್ತು. ಐನೂರು ವರ್ಷಗಳಲ್ಲಿ ಬದಲಾದುದು ಹೊದಿಕೆ ಮಾತ್ರ. ಈಗ ಬಿದಿರಿನ ಸೀಳುಗಳನ್ನು ಅಡ್ಡಡ್ಡಲಾಗಿ ಹೆಣೆದು, ಅಂಚನ್ನು ದಪ್ಪನಾಗಿ ಬಿಗಿದು, ಹೊರಮೈಗೆ ಪ್ಲಾಸ್ಟಿಕ್ ಚೀಲದ ಬಟ್ಟೆಯನ್ನು ಹೊಲಿದು ಡಾಂಬರು ಬಳಿಯುತ್ತಾರೆ. ತೊಗಲಿನ ಕಾಲದಲ್ಲಿ ದೋಣಿಯನ್ನು ನೀರಿನಲ್ಲಿಯೇ ಬಿಟ್ಟರೆ ಹೊದಿಕೆ ಕೊಳೆಯುತ್ತಿತ್ತು. ಆದುದರಿಂದ ಕೆಲಸ ಮುಗಿದೊಡನೆ ದಡಕ್ಕೆಳೆದು ಮಗುಚಿ ಒಣಗಿಸಬೇಕಾಗಿತ್ತು. ಮಗುಚಿದ ಬುಟ್ಟಿಯ ಕೆಳಗೆ ನೆರಳು ತಾನಾಗಿಯೇ ಬಂತು. ನೆರಳಿದ್ದೆಡೆ ಮನುಷ್ಯ ಮಲಗದಿರುವನೆ?

ಹೊರದೇಶಗಳಲ್ಲಿ ಪುಟ್ಟ ಹಾಯಿದೋಣಿಯಲ್ಲಿ ಇರುಳು ತಂಗುವವರು ಹಾಯಿಯ ಅಡ್ಡಗಳುವಿನ ಮೇಲೆ ಕ್ಯಾನ್ವಾಸು ಹೊದಿಸಿ, ಎರಡೂ ಬದಿಗೆ ಹಗ್ಗ ಬಿಗಿದು, ದೋಣಿಯೊಳಗೇ ಗುಡಾರ ಕಟ್ಟಿಕೊಳ್ಳುತ್ತಾರೆ. ತುಂಗಭದ್ರೆಯಲ್ಲಿ ಈ ಉಪಾಯ ನಡೆಯದು. ಹರಿಗೋಲಿನ ತಳ ಚಪ್ಪಟೆ. ನೀರನ್ನು ಕಚ್ಚಿ ಹಿಡಿಯುವ ಅಡಿಮರವಿಲ್ಲ. ಸವಾರಿ ಗಾಡಿಯಂತೆ ಅದಕ್ಕೊಂದು ಕಮಾನು ಕಟ್ಟಿದರೆ ಗಾಳಿ ಆ ಕಮಾನನ್ನೇ ಹಾಯಿ ಮಾಡಿಕೊಂಡು ದೋಣಿಯನ್ನು ಬುಗುರಿಯಂತೆ ತಿರುಗಿಸೀತು. ಮೇಲಾಗಿ ಅಂಬಿಗನು ಮುಂದೆ ಕುಳಿತು ಹುಟ್ಟಿನಿಂದ ನೀರನ್ನು ತನ್ನೆಡೆಗೆ ಸೆಳೆಯಬೇಕು. ತಲೆಯ ಮೇಲೆ ಪರದೆಯಿದ್ದರೆ ಬಂಡೆ ಕಾಣುವುದೆಂತು? ಆದುದರಿಂದ ಇಲ್ಲಿ ದೋಣಿಯ ಮೇಲೆ ಡೇರೆ ಏರಲಿಲ್ಲ; ದೋಣಿಯೇ ಮನುಷ್ಯನ ತಲೆಯ ಮೇಲೇರಿತು. ಮೀನು ಹಿಡಿಯುವ ಚಿಕ್ಕ ಹರಿಗೋಲನ್ನು ಒಬ್ಬನೇ ಆಳು ಹೊತ್ತು ನಡೆಯಬಲ್ಲ.

ಡೇರೆ ಕಟ್ಟುವ ಕೆಲಸವೂ ದೊಡ್ಡದಲ್ಲ. ನೀರಿನಿಂದ ಮೇಲಿರುವ ಒಣಮರಳನ್ನು ಆರಿಸಿ, ಬುಟ್ಟಿಯನ್ನು ಬೋರಲು ಹಾಕಬೇಕು. ಗಾಳಿ ಬೀಸುವ ದಿಕ್ಕಿನ ಅಂಚು ನೆಲಕ್ಕೆ ತಾಗಿರಲಿ. ಎದುರು ಬದಿಯ ಅಂಚನ್ನೆತ್ತಿ ಹುಟ್ಟನ್ನೇ ಆಸರೆಗೆ ಕೊಟ್ಟರೆ ಬಾಗಿಲಾಯಿತು. ತಾಗಿದ ಅಂಚಿಗೆ ಮರಳು ಒಟ್ಟಿದರೆ ಗಾಳಿ ನುಸುಳದು. ಬಾಗಿಲಿಗೆ ಕಂಬಳಿ ಇಳಿಬಿಟ್ಟರೆ ಹನಿ ತೂರದು. ಡಾಂಬರಿನ ವಾಸನೆಗೆ ಮೂಗು ಮುರಿಯುವವರಿಗೆ ಈ ಶಯನಗೃಹ ಹೇಳಿದ್ದಲ್ಲ. ನೆರೆಯವರ ಕಾಟವೂ ಉಂಟು. ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಡಲಾಗಿದೆ. ಮೊಸಳೆಗಳೂ ಇದೇ ಮಡುಗಳಲ್ಲಿವೆ.

ಈ ಬಾಳು ಗಡ್ಡೆಯಲ್ಲಿಯೇ ನಿಂತಿಲ್ಲ. ಮೈಸೂರು ಸೀಮೆಯ ಮೀನುಗಾರ ಕುಟುಂಬಗಳು ಹರಿಗೋಲುಗಳೊಡನೆ ಕೊಚ್ಚಿಯ ಹಿನ್ನೀರಿನವರೆಗೂ ಹೋಗಿವೆ. ಮಲಯಾಳಿಗರು ಅದನ್ನು ಕುಟ್ಟವಂಚಿ, ಅಂದರೆ ಬುಟ್ಟಿದೋಣಿ, ಎನ್ನುತ್ತಾರೆ. ಅಲ್ಲಿ ಗಂಡಹೆಂಡಿರು ಇರುಳು ಬಲೆ ಬೀಸುವಾಗ ಎಳೆಯ ಮಕ್ಕಳಿಗೆ ಆ ಬುಟ್ಟಿಯೇ ತೊಟ್ಟಿಲು.

ಮರಳಿನ ನಿದ್ದೆಗೆ ನಿಜವಾದ ಶತ್ರು ಮೊಸಳೆಯಲ್ಲ, ಹೊಳೆಯೇ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆ ಮೇಲ್ಗಡೆಯಲ್ಲಿದೆ. ಅದರ ಬಾಗಿಲುಗಳು ತೆರೆದಾಗ ಇಲ್ಲಿ ಮಳೆಯ ಹನಿಯೂ ಬೀಳದೆ ನೀರೇರಬಹುದು. 2019ರ ಆಗಸ್ಟಿನಲ್ಲಿ ಗಡ್ಡೆಯ ಸುತ್ತ ಪ್ರವಾಹ ಆವರಿಸಿ, ಅಲ್ಲಿ ತಂಗಿದ್ದ ನೂರಾರು ಪ್ರವಾಸಿಗಳನ್ನು ದೋಣಿ ಹೆಲಿಕಾಪ್ಟರುಗಳಿಂದ ಪಾರು ಮಾಡಬೇಕಾಯಿತು. ಅವರು ಮಲಗಿದ್ದುದು ಹರಿಗೋಲಿನ ಕೆಳಗಲ್ಲ, ಗದ್ದೆಗಳ ನಡುವೆ ಎದ್ದಿದ್ದ ವಸತಿಗೃಹಗಳಲ್ಲಿ. ಅವು ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಎದ್ದವೆಂದು ಹೈಕೋರ್ಟು 2015ರಲ್ಲಿ ಹೇಳಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಯಂತ್ರಗಳು ಬಂದು ಕೆಡವಿದವು. ಶಾಸನ ಸರಿಯೇ, ಆದರೆ ಆ ಮನೆಗಳಲ್ಲಿ ಅಡುಗೆ ಮಾಡಿ, ಹಾಸಿಗೆ ಹಾಸಿ ಬದುಕುತ್ತಿದ್ದ ಊರವರ ಕೂಲಿಯೂ ಗೋಡೆಗಳೊಡನೆ ಹೋಯಿತೆಂಬುದನ್ನು ಮರೆಯಲಾಗದು.

ಹರಿಗೋಲಿಗೆ ಅಡಿಪಾಯವಿಲ್ಲ. ನೀರು ಏರುವ ಸದ್ದು ಕೇಳಿದರೆ ಅಂಬಿಗನು ಹುಟ್ಟನ್ನು ಕಿತ್ತು, ಬುಟ್ಟಿಯನ್ನು ತಿರುವಿಹಾಕಿ, ಕಂಬಳಿಯನ್ನು ಒಳಗೆಸೆದು ತಾನೂ ಹತ್ತಬಹುದು. ಇಲ್ಲವೆ ಅದನ್ನು ತಲೆಯ ಮೇಲೆ ಹೊತ್ತು ಬಂಡೆಯೇರಿ, ಅಲ್ಲಿ ಮತ್ತೆ ಬೋರಲು ಹಾಕಿ, ಉಳಿದ ನಿದ್ದೆಯನ್ನು ಮುಗಿಸಬಹುದು.