ಒಂದು ಸೋಲು, ಎರಡು ತೀರ್ಪು

ರೋಮಿನಲ್ಲಿ ಕಳೆದ ದಿನಗಳ ಬಗ್ಗೆ ಹೇಳುವಂಥದ್ದೇನಿಲ್ಲ: ಸರತಿ ಸಾಲು, ಟಿಕೆಟ್ಟು, ದುಬಾರಿ ನೀರಿನ ಬಾಟಲಿ. ಇಟಲಿಯ ಆಗ್ನೇಯಕ್ಕೆ ಬಂದು, ಬಾರ್ಲೆಟ್ಟಾ ಪಟ್ಟಣದಾಚೆಯ ಕಾನ್ನೆ ಗುಡ್ಡ ಹತ್ತಿದಾಗ ಜನಜಂಗುಳಿ ಇರಲಿಲ್ಲ, ಆದರೂ ಸಿಟ್ಟು ಬಂತು. ಅಲ್ಲಿನ ಒಂಟಿ ಕಲ್ಲುಕಂಬದ ಬಳಿ ಪ್ರವಾಸಿಯೊಬ್ಬ ತನ್ನ ಗೆಳೆಯರಿಗೆ, ರೋಮಿನ ಮೇಲೆ ದಂಡೆತ್ತಿ ಬಂದಿದ್ದ ಆಫ್ರಿಕಾದ ಕಾರ್ಥೇಜಿನ ಸೇನಾನಿ ಹ್ಯಾನಿಬಲ್‌ನ ಯುದ್ಧತಂತ್ರ ವಿವರಿಸುತ್ತಿದ್ದ. ಎರಡೂ ತೋಳು ಚಾಚಿ ಗಾಳಿಯನ್ನು ಬಾಚಿಕೊಳ್ಳುತ್ತ, "ಎಷ್ಟು ಚೆಂದ ನೋಡಿ!" ಎನ್ನುತ್ತಿದ್ದ.

ನಕ್ಷೆಯಲ್ಲಿ ಚೆಂದವೇ. ಕೆಳಗೆ ಆಲಿವ್ ತೋಪು, ದ್ರಾಕ್ಷಿ ತೋಟ, ಓಫಾಂಟೊ ನದಿ. ಕ್ರಿ.ಪೂ. 216ರ ಆಗಸ್ಟ್ 2ರಂದು ಈ ಬಯಲಿಗೆ ಇಳಿದ ರೋಮನ್ ಕಾಲಾಳುಗಳು, ಇತಿಹಾಸಕಾರ ಪಾಲಿಬಿಯಸ್ ಲೆಕ್ಕದಲ್ಲಿ, 80,000, ಹ್ಯಾನಿಬಲ್‌ನವರು 40,000. ಕುದುರೆ ಮಾತ್ರ ಅವನಲ್ಲಿ ಹೆಚ್ಚು: ರೋಮನ್ನರ 6,000ಕ್ಕೆ ಅವನ 10,000. ರೋಮಿನ ಅತ್ಯುನ್ನತ ಅಧಿಕಾರಿಗಳಾದ ಇಬ್ಬರು ಕಾನ್ಸಲ್‌ಗಳು, ಪೌಲಸ್ ಮತ್ತು ವಾರೋ, ದಿನಕ್ಕೊಬ್ಬರಂತೆ ದಂಡು ನಡೆಸುತ್ತಿದ್ದರು. ಅಂದು ವಾರೋ ಸರದಿ. ಕಾಲಾಳುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಶತ್ರುವಿನ ನಡುವನ್ನೇ ಸೀಳಿಬಿಡಲು ಹೊರಟ. ಹ್ಯಾನಿಬಲ್ ನಡುವೆ ಗಾಲ್ ಮತ್ತು ಸ್ಪೇನಿನವರನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸಿ ನಿಲ್ಲಿಸಿದ. ಎರಡು ಬದಿಗೆ ಆಫ್ರಿಕಾದ ಪಳಗಿದ ಪಡೆ. ನಡುವಿನವರು ಹಿಂದೆ ಸರಿದಷ್ಟೂ ರೋಮನ್ನರು ಗೆದ್ದೆವೆಂದು ನುಗ್ಗಿದರು. ಆಗ ಆಫ್ರಿಕನ್ನರು ಇಕ್ಕೆಲಗಳಿಂದ ಒಳಕ್ಕೆ ತಿರುಗಿದರು. ರೋಮನ್ ಅಶ್ವದಳವನ್ನು ಚದುರಿಸಿದ್ದ ಹ್ಯಾನಿಬಲ್‌ನ ದಳಪತಿ ಹಸ್‌ದ್ರುಬಾಲ್ ಕುದುರೆಗಳೊಂದಿಗೆ ಬೆನ್ನ ಮೇಲೆ ಬಿದ್ದ. ಅಭಿಮನ್ಯುವಿಗೆ ತಾನು ಹೊಗುತ್ತಿರುವುದು ಚಕ್ರವ್ಯೂಹವೆಂದಾದರೂ ಗೊತ್ತಿತ್ತು. ಇವರಿಗೆ ಅದೂ ಗೊತ್ತಿರಲಿಲ್ಲ. ರೋಮನ್ ಇತಿಹಾಸಕಾರ ಲಿವಿ ಪ್ರಕಾರ ಸತ್ತವರು ಸುಮಾರು 48,000. ಪೌಲಸ್ ಅವರಲ್ಲೊಬ್ಬ. ಎರಡು ಸಾವಿರ ವರ್ಷಗಳಾಚೆ ಜರ್ಮನ್ ಸೇನಾನಿ ಶ್ಲೀಫೆನ್ ಕೂಡ ಈ ವ್ಯೂಹಕ್ಕೆ ಮರುಳಾದ.

ನನ್ನನ್ನು ಕೊರೆಯುತ್ತಿದ್ದುದು ಆಮೇಲಿನ ಕಥೆ. ಜೀವ ಉಳಿಸಿಕೊಂಡ ವಾರೋ ರೋಮಿಗೆ ಮರಳಿದಾಗ ಜನ ಹೊರಬಂದು ಎದುರುಗೊಂಡರು. ಗಣರಾಜ್ಯದ ಮೇಲೆ ಭರವಸೆ ಕಳೆದುಕೊಳ್ಳಲಿಲ್ಲವೆಂದು ಅವನಿಗೆ ಕೃತಜ್ಞತೆ ಸಂದಿತು. ಅವನ ಆಜ್ಞೆಯಂತೆ ನುಗ್ಗಿ ಅಳಿದುಳಿದ ಸೈನಿಕರನ್ನು ಮಾತ್ರ ಸಿಸಿಲಿಗೆ ಅಟ್ಟಿದರು. ಇಟಲಿಯಲ್ಲಿ ಯುದ್ಧ ಮುಗಿಯುವ ತನಕ ಊರ ಮುಖ ನೋಡಕೂಡದು. ಸೆರೆಸಿಕ್ಕವರನ್ನು ಹಣ ಕೊಟ್ಟು ಬಿಡಿಸಿಕೊಳ್ಳಲೂ ಸೆನೆಟ್ ಒಪ್ಪಲಿಲ್ಲ. ಮೇಲಿನವನ ತಪ್ಪಿಗೆ ಕೆಳಗಿನವನ ಅಮಾನತು: ಈ ಕಡತ ನಮಗೇನೂ ಹೊಸದಲ್ಲ.

ಕಾನ್ನೆಯಲ್ಲಿ ಬದುಕುಳಿದ ತರುಣ ಅಧಿಕಾರಿ ಸಿಪಿಯೊ ಮುಂದೆ ಸೇನಾಪತಿಯಾದಾಗ ಆ ಕಳಂಕಿತರನ್ನೇ ಆಫ್ರಿಕಾಕ್ಕೆ ಕರೆದೊಯ್ದ. ಅವರ ಅನುಭವ ಅವನಿಗೆ ಬೇಕಿತ್ತು. ಕ್ರಿ.ಪೂ. 202ರಲ್ಲಿ ಅಲ್ಲಿನ ಜಾಮಾದಲ್ಲಿ ಹ್ಯಾನಿಬಲ್ ಸೋತ. ಅವಮಾನ ಹೊತ್ತು ಹದಿನಾಲ್ಕು ವರ್ಷ ಸವೆಸಿದವರು ಗೆದ್ದ ಸಾಲುಗಳಲ್ಲಿದ್ದರು. ಬಳಿಕ ಆಫ್ರಿಕಾದಲ್ಲಿ ಕಾದಿದವರಿಗೆ ರೋಮ್ ಸರ್ಕಾರಿ ಜಮೀನು ಹಂಚಿತು. ಹಂಚಿದ ಪ್ರಾಂತಗಳಲ್ಲಿ ಒಂದು, ಕಾನ್ನೆ ಇರುವ ಈ ಅಪುಲಿಯಾ. ಸರ್ಕಾರಗಳಿಗೆ ತಪ್ಪೊಪ್ಪಿಕೊಳ್ಳುವುದಕ್ಕಿಂತ ಜಮೀನು ಕೊಡುವುದೇ ಸಲೀಸು.